ಗಂಟು ನೋಡುವವರು

ಶಿಖರ ಕೈಗೆಟುಕುವಷ್ಟು ಹತ್ತಿರವಿದ್ದಾಗಲೇ ಮಗಳು ಕಪ್ಪಾಗುತ್ತಿದ್ದ ಮೋಡ ನೋಡಿ, "ಸಾಕು, ಎಲ್ಲರೂ ಇಳೀರಿ. ಕೊನೇಲಿ ನಾನು ಬರ್ತೀನಿ," ಎಂದಳು.

"ಇಷ್ಟು ದೂರ ಬಂದು ತುದಿ ಮುಟ್ಟದೆ ಹೋಗೋದಾ?" ತಂಡದ ಜೊತೆ ಹತ್ತಿ ಬಂದಿದ್ದ ಊರಿನ ದರ್ಜಿ ಗೊಣಗಿ ಅಪ್ಪನತ್ತ ನೋಡಿದ. ತಂಡ ಕಟ್ಟಿದವರು ಅಪ್ಪ. ಇಳಿಯುವಾಗ ಎಲ್ಲರ ಹಗ್ಗದ ಗಂಟು ಎಳೆದು ನೋಡಿ, ಜಾರಿದವರನ್ನು ಮೇಲಿನಿಂದ ತಡೆಯಲು ಕೊನೆಗೆ ನಿಲ್ಲುತ್ತಿದ್ದವರೂ ಅವರೇ. ಆ ಜಾಗವನ್ನು ಇದುವರೆಗೆ ಬೇರೆ ಯಾರೂ ಕೇಳಿರಲಿಲ್ಲ.

ಮಗಳು ಕದಲಲಿಲ್ಲ. ಅಪ್ಪ ಶಿಖರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ಅವಳ ಮುಂದೆ ಬಂದು ಎರಡೂ ಕೈ ಎತ್ತಿ ನಿಂತರು. "ನನ್ನ ಗಂಟು ನೋಡಮ್ಮಾ. ಏನಯ್ಯಾ ದರ್ಜಿ, ಲೀಡರ್ ಹೇಳಿದ್ದು ಕೇಳಿಸ್ಲಿಲ್ವಾ?"

ಮಗಳು ಅವರ ಎದೆಯ ಮೇಲಿನ ಗಂಟನ್ನು ಎಳೆದಳು. "ಅಪ್ಪಾ, ಉಸಿರು ಬಿಡಿ. ಎದೆ ಹೀಗೆ ಉಬ್ಬಿಸ್ಕೊಂಡು ನಿಂತ್ರೆ ಗಂಟು ಬಿಗಿಯೋದು ಹೇಗೆ?"