ಒಂದಕ್ಷರದ ಕೊಲೆ

“ಮೇಡಂ, ಇದು ಕೊಲೆ ಅಲ್ಲ. ಕೊಳೆ,” ಎಂದ ಕರಡು ತಿದ್ದುವವ, ಹಳೆಯ ಚೀಟಿಯ ಮೇಲೆ ಕೆಂಪು ಪೆನ್ನಿನ ತುದಿಯಿಟ್ಟು.

ಮುನ್ನೂರ ಎಂಬತ್ತು ಪುಟದ ಕಾದಂಬರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಲೇಖಕಿ ಚೀಟಿಯತ್ತ ಬಗ್ಗಿದಳು. ಅವರು ಕೂತಿದ್ದ ಇದೇ ಹಳೇ ಮನೆ, ಅದರ ನಾಲ್ಕು ತಲೆಮಾರು, ಮಹಡಿಯ ಮೇಲೆ ಎಪ್ಪತ್ತು ವರ್ಷದಿಂದ ಬೀಗ ಬಿದ್ದ ಕೋಣೆ. ಅಷ್ಟೂ ನಿಂತಿದ್ದು ಮುತ್ತಜ್ಜಿ ಬೀಗದ ಕೈಗೆ ಕಟ್ಟಿಟ್ಟು ಹೋಗಿದ್ದ ಈ ಚೀಟಿಯ ಮೇಲೆ: ‘ಈ ಕೋಣೆಯ ಕೊಲೆಗೆ ನನ್ನ ಅತ್ತೆಯೇ ಕಾರಣ. ನಾನಿದನ್ನು ಸಹಿಸಲಾರೆ. ಬೀಗ ಹಾಕಿದ್ದೇನೆ.’ ಪ್ರಕಾಶಕರು ಪುಸ್ತಕ ಒಪ್ಪಿಕೊಂಡದ್ದೇ ನಿಜವಾಗಿ ನಡೆದ ಕೊಲೆ ಎಂಬ ಒಂದೇ ಕಾರಣಕ್ಕೆ. ಚೀಟಿಯ ಫೋಟೊ ಸಮೇತ ಮುಖಪುಟ ಆಗಲೇ ಅಚ್ಚಾಗಿ ಬಂದಿತ್ತು.

“ತಮಾಷೆ ಸಾಕು ಒತ್ತಕ್ಷರದವರೇ,” ಎಂದಳು. ಪ್ರೆಸ್ಸಿನಲ್ಲಿ ಅವನಿಗೆ ಅದೇ ಹೆಸರು. ಯಾವ ಮಾತು ಬಂದರೂ ಅದರ ಬುಡಕ್ಕೆ ಹೋಗಿ ಅಂಟಿಕೊಂಡುಬಿಡುತ್ತಿದ್ದ. “ಆ ಕೋಣೇಲಿ ಬಾಡಿಗೆಗಿದ್ದ ಗಡಿಯಾರ ರಿಪೇರಿಯವನು ಒಂದು ಬೆಳಿಗ್ಗೆ ಕಾಣೆಯಾದ. ಗೊತ್ತಾ?”

“ಕಾಣೆಯಾದವರೆಲ್ಲ ಕೊಲೆಯಾದವರು ಅಂದ್ರೆ ನಮ್ಮ ಮ್ಯಾನೇಜರು ದಿನಾ ಮೂರು ಗಂಟೆ ಮೇಲೆ ಕೊಲೆ ಆಗ್ತಾರೆ. ಹೆಣ ಎಲ್ಲಿ ಮೇಡಂ? ಹೆಣಾನೇ ಇಲ್ದೆ ಮುನ್ನೂರ ಎಂಬತ್ತು ಪುಟ ಹೊತ್ಕೊಂಡು ಬಂದಿದೀರಲ್ಲ, ಭುಜ ನೋಯಲ್ವಾ?”

ಅಷ್ಟರಲ್ಲಿ, ಆಗಷ್ಟೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದ ಲೇಖಕಿಯ ಅಜ್ಜಿ, ಅದೇ ಮುತ್ತಜ್ಜಿಯ ಮಗಳು, ಟ್ರೇ ಹಿಡಿದು ಒಳಗೆ ಬಂದರು. “ಮಲೆ ಬರೋ ಹಾಗಿದೆ ಕಣೇ, ಬಟ್ಟೆ ಒಲಗೆ ತಗೊಂಡು ಬಾ. ನೀವು ಕುಡೀರಪ್ಪ, ಕಿತ್ತಲೆ ರಸ. ಸ್ವಲ್ಪ ಹುಲಿ ಇದೆ. ಆಮೇಲೆ ಎರಡು ಬಾಲೆ ತಿನ್ನಿ.”

ಒತ್ತಕ್ಷರ ಲೋಟದೊಳಗೆ ಹುಲಿಯನ್ನು ಹುಡುಕಿ, ತಟ್ಟೆಯಲ್ಲಿದ್ದ ಎರಡು ಬಾಲೆಯರಿಗೆ ತಲೆಬಾಗಿ ವಂದಿಸಿದ. ಅವನ ಕಣ್ಣು ಮಿಂಚಿತು.

“ಸಿಕ್ತು! ಈ ಮನೆ ಬಾಯಲ್ಲಿ ಳ ಇಲ್ಲ. ತಾಯಿಗಿಲ್ಲದ್ದು ಮಗಳಿಗೆಲ್ಲಿಂದ ಬರಬೇಕು? ಚೀಟೀಲೂ ನೋಡಿ, ಒಂದೇ ಒಂದು ಳ ಇಲ್ಲ!”

“ಅಲ್ಲ, ಅಜ್ಜಿ ಯಾವಾಗಿಂದ ಹೀಗೆ…” ಎಂದು ಲೇಖಕಿ ಬಾಯಿ ತೆರೆದಳು.

“ವಯಸ್ಸಾದ ಮೇಲೆ ಮೂಲ ಹೊರಗೆ ಬರುತ್ತೆ ಮೇಡಂ. ಅಜ್ಜೀ, ನಿಮ್ಮಮ್ಮನಿಗೂ ಅವರತ್ತೆಗೂ ಹೇಗಿತ್ತು?”

“ದಿನಾ ಜಗಲ! ನಮ್ಮಜ್ಜಿ ಒಂದು ದಿನ ಪೊರಕೆ ಮುಟ್ಟಿದೋರಲ್ಲ. ಮಹಡಿ ಮೇಲೆ ಧೂಲು ಅಂದ್ರೆ ಧೂಲು.”

ಅಜ್ಜಿ ದವಡೆ ಒತ್ತಿಕೊಳ್ಳುತ್ತ ಒಳಗೆ ಹೋದರು. ಒತ್ತಕ್ಷರ ಕುರ್ಚಿಗೊರಗಿ ಅಜ್ಜಿಯ ಧಾಟಿಯಲ್ಲೇ ‘ಧೂಲು, ಧೂಲು’ ಎಂದ. ಲೇಖಕಿಗೆ ನಗು ಬರಲಿಲ್ಲ. ಬಂದದ್ದು ಅಳು. ಅದಕ್ಕೂ ಅವನು ಏನೆನ್ನುತ್ತಾನೋ ಎಂದು ನುಂಗಿಕೊಂಡಳು.

“ಹಾಗಾದ್ರೆ ಇನ್ನು ‘ಕೊಳೆಗಾರ ಯಾರು?’ ಅಂತ ಹೆಸರಿಡ್ಲಾ? ಮುನ್ನುಡೀನ ಸಾಬೂನು ಮಾಡೋರ ಹತ್ರ ಬರೆಸ್ತೀನಿ,” ಎಂದವಳೇ ಪ್ರಕಾಶಕರಿಗೆ ಫೋನು ಹಚ್ಚಿದಳು. “ಸರ್, ಕೊಲೆ ಕ್ಯಾನ್ಸಲ್. ಹೌದು ಸರ್, ನಮ್ಮ ಮುತ್ತಜ್ಜಿಗೆ ಕಾಗುಣಿತ ಬರ್ತಿರಲಿಲ್ಲ.” ಆ ಕಡೆಯಿಂದ ಫೋನು ಕುಕ್ಕಿದ ಸದ್ದು ಒತ್ತಕ್ಷರನಿಗೂ ಕೇಳಿಸಿತು.

ಇನ್ನು ಬೀಗಕ್ಕೇನು ಮರ್ಯಾದೆ? ಮಹಡಿ ಹತ್ತಿ ಬಾಗಿಲು ತೆಗೆದರು. ಒಂದು ಮಂಚ, ಮುಳ್ಳಿಲ್ಲದ ಆರು ಗಡಿಯಾರ, ಬೆರಳುದ್ದ ಧೂಳು. “ನೋಡಿದ್ರಾ?” ಎಂದು ಒತ್ತಕ್ಷರ ತೋಳು ಮಡಚಿದ. ತಪ್ಪು ಕಂಡ ಮೇಲೆ ತಿದ್ದದೆ ಬಿಡುವ ಜಾತಿಯವನಲ್ಲ. ಗುಡಿಸಿದ, ಒರೆಸಿದ. ಮಂಚದಡಿಯಲ್ಲಿದ್ದ ತಟ್ಟೆಯಗಲದ ಕಲೆಯೊಂದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. “ತುಕ್ಕು,” ಎಂದು ಸಾಬೂನು ಪುಡಿ ಸುರಿದು, ಅರ್ಧ ಗಂಟೆ ಮಂಡಿಯೂರಿ ಉಜ್ಜಿ ನೆಲದಲ್ಲಿ ಮುಖ ಕಾಣುವ ಹಾಗೆ ಮಾಡಿದ. ಮೂಲೆಯಲ್ಲಿ ಮುದುಡಿ ಬಿದ್ದಿದ್ದ ಅಂಗಿಯನ್ನು ಲೇಖಕಿ ಕಸದ ಜೊತೆ ಹಿತ್ತಲಿಗೊಯ್ದು ಸುಟ್ಟು ಬಂದಳು. ಅವಳಿಗೆ ಕಾದಂಬರಿಯನ್ನೇ ಸುಟ್ಟಷ್ಟು ಸಮಾಧಾನವಾಯಿತು.

ಅಜ್ಜಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಏನೋ ಹೇಳಹೊರಟು, ಮುಖ ಹಿಂಡಿ, ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟನ್ನು ಕಿತ್ತು ಸೆರಗಿನಲ್ಲಿ ಸುತ್ತಿಕೊಂಡರು.

“ಉಸ್ಸಪ್ಪಾ! ಹೊಸ ಸೆಟ್ಟು ಕಣೇ, ಇವತ್ತು ತಾನೇ ಹಾಕಿದ್ದು. ನಾಲಿಗೆ ಮಡಚೋಕೇ ಬಿಡಲ್ಲ ಅನ್ನುತ್ತೆ. ಈಗ ನೋಡು: ಮಳೆ, ಹುಳಿ, ಬಾಳೆಹಣ್ಣು.”

ಒಂದೊಂದು ಳ ಕೂಡ ದುಂಡಗೆ, ಅಚ್ಚಿನಿಂದ ಈಗ ತಾನೇ ಇಳಿದ ಹಾಗೆ ಬಿತ್ತು. ಒತ್ತಕ್ಷರನ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು.

“ಅಜ್ಜೀ,” ಎಂದ, “ನಿಮ್ಮ ಅಮ್ಮ…?”

“ಅಮ್ಮನಾ? ಹೈಸ್ಕೂಲಲ್ಲಿ ಕನ್ನಡ ಪಾಠ ಹೇಳ್ತಿದ್ರು. ಲಕಾರ ಳಕಾರ ತಪ್ಪಿದ್ರೆ ನೂರು ಸಲ ಬರೆಸ್ತಿದ್ರು. ಅವರು ಮಾತ್ರ ಒಂದಕ್ಷರ ತಪ್ಪಿದೋರಲ್ಲ.” ಅಜ್ಜಿ ಹೊಳೆಯುವ ನೆಲ ನೋಡಿ ಮೆಚ್ಚಿ ತಲೆದೂಗಿದರು. “ಎಷ್ಟು ಚೆನ್ನಾಗಿ ತೊಳೆದಿದೀರಪ್ಪ!”

ಒತ್ತಕ್ಷರ ಬಕೆಟ್ಟಿನೊಳಗೆ ಬಗ್ಗಿ ನೋಡಿದ. ನೀರು ಅವನ ಪೆನ್ನಿನ ಬಣ್ಣಕ್ಕೆ ತಿರುಗಿತ್ತು.