ಕೆಳಗಿನ ಸಾಲು

ಗಂಗಾದೇವಿ ಸೆರಗಿನ ಗಂಟು ಬಿಚ್ಚಿ ಸಕ್ಕರೆಯನ್ನು ಇನ್ನೇನು ಕಲ್ಲಿಗೆ ಒತ್ತಬೇಕು, ಜಯಸಿಂಹ ಓಡಿಬಂದು ಅಡ್ಡ ನಿಂತ. "ಕಲ್ಲು ಮುಟ್ಬೇಡಿ ಅಮ್ಮ."

ಯಲಹಂಕದ ಹಳೇ ಮುಸಾಫಿರಖಾನೆಯ ಬಾಗಿಲ ಪಕ್ಕದ ಕಲ್ಲು ಅದು. ಮೈತುಂಬ ಫಾರಸಿಯ ಉಬ್ಬಿದ ಅಕ್ಷರಗಳು, ಒಂದರ ಹೆಗಲ ಮೇಲೊಂದು ಹತ್ತಿ ಕೂತಂತೆ. ಮಾತು ಬಾರದ ಮಕ್ಕಳಿಗೆ ಅದರ ಮೇಲಿನ ಸಕ್ಕರೆ ನೆಕ್ಕಿಸಿದರೆ ನಾಲಿಗೆ ಹೊರಳುತ್ತದೆಂದು ಸುತ್ತಲಿನವರ ನಂಬಿಕೆ. ಗಂಗಾದೇವಿಯ ಮಗನಿಗೆ ನಾಲ್ಕು ತುಂಬುತ್ತ ಬಂದಿತ್ತು. ಕಿವಿ ಚುರುಕು, ಬಾಯಿಗೆ ಮಾತ್ರ ಬೀಗ. ಇನ್ನಷ್ಟು ದಿನ ಕಾಯಿರಿ ಎಂದಿದ್ದರು ಡಾಕ್ಟರು. ಅವರಿಗೇನು, ಅವರು ಹೆತ್ತ ಮಗುವೇ? ಗಂಡ ಫ್ಯಾಕ್ಟರಿಗೆ ಹೋದದ್ದೇ ತಡ, ರೇಷನ್ ಸಕ್ಕರೆ ಕಟ್ಟಿಕೊಂಡು, ಮಗನನ್ನೂ ಕರೆದುಕೊಂಡು ಶೆಟ್ಟಿಹಳ್ಳಿಯಿಂದ ಬಸ್ಸು ಬದಲಿಸಿ ಬಂದಿದ್ದಳು.

ಜಯಸಿಂಹ ಹಳೆಯ ಶಾಸನಗಳ ಅಚ್ಚು ತೆಗೆಯುವ ಇಲಾಖೆಯವನು. ಬೆಳಗಿನಿಂದ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ತೆಗೆದ ಅಚ್ಚನ್ನು ಅವಳ ಮುಂದೆ ಹಿಡಿದ. ದಣಿದ ದಾರಿಹೋಕರಿಗಾಗಿ ಇದನ್ನು ಕಟ್ಟಿಸಿದವನು ಎಂಬಲ್ಲಿಯವರೆಗೆ ಅಕ್ಷರಗಳು ಸೊಗಸಾಗಿ ಮೂಡಿದ್ದವು. ಹೆಸರಿರಬೇಕಾದ ಕೆಳಗಿನ ಸಾಲು, ಮಕ್ಕಳ ಬಾಯಿಗೆಟುಕುವ ಎತ್ತರದ್ದು, ಸವೆದು ಬರೀ ಮಸಿಯ ಕಲೆಯಾಗಿತ್ತು. ನೆಕ್ಕಿಸಿ ನೆಕ್ಕಿಸಿ ಆ ಪುಣ್ಯಾತ್ಮನ ಹೆಸರನ್ನೇ ನುಂಗಿ ನೀರು ಕುಡಿದಿರಲ್ಲ ಎಂದು ರೇಗಿದ.

ಅಂಗಳ ಗುಡಿಸುವ ಫರೀದಾ ಪೊರಕೆ ಹಿಡಿದು ನೋಡುತ್ತ ನಿಂತಿದ್ದಳು. ಇದನ್ನು ನೆಕ್ಕಿದ ಒಬ್ಬರಿಗಾದರೂ ಮಾತು ಬಂದಿದೆಯೇ ಎಂದು ಅವಳನ್ನೇ ಕೇಳಿದ.

"ಮಾತು ಬಂದೋರು ಮತ್ಯಾಕೆ ಬರ್ತಾರೆ ಸಾರ್?" ಎಂದಳು ಫರೀದಾ. "ಮಾತು ಬರ್ದೇ ಇರೋರೇ ತಿರ್ಗಾ ಬರೋದು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗಂಗಾದೇವಿ ಹೋದ ಗುರುವಾರವೂ ಬಂದಿದ್ದಳು, ಅದರ ಹಿಂದಿನ ಗುರುವಾರವೂ. ಜಯಸಿಂಹ ಗೆದ್ದವನ ಹಾಗೆ ಕಾಗದ ಸುತ್ತತೊಡಗಿದ. ಗಂಗಾದೇವಿಗೆ ಅದೆಲ್ಲಿತ್ತೋ, ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿ ಬಂದವು.

"ಅಂವ ಸತ್ತು ಯಾವ ಕಾಲ ಆತೋ, ಅವನ ಹೆಸರು ಹೋತಂತ ನಿಮಗ ಇಷ್ಟ ಸಂಕಟ ಆಗ್ತೈತಿ. ನಾ ಜೀವಂತ ಅದೀನ್ರಿ. ನನ್ನ ಇನ್ನಾ ಒಮ್ಮಿನೂ ಯಾರೂ ಅವ್ವಾ ಅಂದಿಲ್ಲ."

ಜಯಸಿಂಹ ಅಚ್ಚಿನ ಸುರುಳಿಯನ್ನು ಚೀಲಕ್ಕೆ ತುರುಕಿದ. ಬಸ್ಸಿಗೆ ಹೊತ್ತಾಯಿತೆಂದು ಗೊಣಗುತ್ತ ಚೀಲ ಹೆಗಲಿಗೇರಿಸಿ ಪಕ್ಕಕ್ಕೆ ಸರಿದ. ಗಂಗಾದೇವಿ ಮೂಗೊರೆಸಿಕೊಂಡು, ಮೇಲಿನ ಅಕ್ಷರಗಳಿಗೆ ಒಂದು ಹರಳೂ ತಾಗದಂತೆ, ಕೆಳಗಿನ ಸಾಲಿಗಷ್ಟೇ ಸಕ್ಕರೆ ಒತ್ತಿದಳು. ಹುಡುಗ ಕಲ್ಲಿಗೆ ಮುಖವಿಟ್ಟು ನೆಕ್ಕಿದ. ಇನ್ನೊಮ್ಮೆ ನೆಕ್ಕಿದ. ಆಮೇಲೆ ತಿರುಗಿ ತಾಯಿಯನ್ನು ನೋಡಿ ಬಾಯಿ ತೆರೆದ.

ರಸ್ತೆಯಲ್ಲಿ ಬಸ್ಸು ಬಂದು ನಿಂತು, ಹೊರಟೂ ಹೋಯಿತು. ಬಾಗಿಲು ದಾಟಿದ್ದ ಜಯಸಿಂಹ ಹತ್ತಲಿಲ್ಲ. ಆ ಬಾಯನ್ನೇ ನೋಡುತ್ತ ನಿಂತಿದ್ದ.