ಸಾವಿರ ವರ್ಷದ ಸಿಮೆಂಟು

"ಬಂತು ನೋಡು ಪ್ಯಾಟ್ರಿಕ್! ಇದೇ ಆ ಪಾಳು ದೇವಸ್ಥಾನ. ಸಾವಿರ ವರ್ಷ ಹಳೇದು!" ಎಂದು ಸದಾನಂದ ಕೈ ಚಾಚಿ ತೋರಿಸಿದ. ಮೂರು ದಿನ ಕೆಡಾ ರಾಜ್ಯದ ಕಾಡಿನ ಜಿಗಣೆಗಳಿಗೆ ರಕ್ತ ಕೊಟ್ಟುಕೊಂಡು ನಡೆದಿದ್ದ ಪ್ಯಾಟ್ರಿಕ್ ತಲೆಯೆತ್ತಿದ. ಮರದ ಬೇರುಗಳು ಸುತ್ತಿಕೊಂಡ ಎರಡಾಳೆತ್ತರದ ಇಟ್ಟಿಗೆ ಗೋಡೆ, ಮೇಲೆ ಚಾವಣಿ ಇಲ್ಲ. ಆಫೀಸಿನಲ್ಲಿ ಅವರಿಬ್ಬರಿಗೂ ಕಿರಿಯಳಾದ ಚೈತನ್ಯಾ ಚಪ್ಪಾಳೆ ತಟ್ಟಿ, "ಕಂಗ್ರಾಟ್ಸ್ ಅಂಕಲ್! ಕೊನೆಗೂ ಹತ್ತೇ ಬಿಟ್ರಿ!" ಎಂದಳು.

ಚಪ್ಪಾಳೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು ಪ್ಯಾಟ್ರಿಕ್‌ಗೆ. ಬೈಪಾಸ್ ಆಪರೇಷನ್ ಆದಂದಿನಿಂದ ಪೆನಾಂಗಿನ ಬಯಾನ್ ಲೆಪಾಸ್‌ನ ಫ್ಯಾಕ್ಟರಿಯಲ್ಲಿ ಅವನು ಎರಡು ಮೆಟ್ಟಿಲು ಹತ್ತಿದರೂ ಹೀಗೇ ಚಪ್ಪಾಳೆ. ಮನೆಯಲ್ಲಿ ಹೆಂಡತಿ ಡೊರೊಥಿ ಉಪ್ಪಿಲ್ಲದ ಸಾರು ಬಡಿಸಿ "ಉಪ್ಪು ಹಾಕಿದ್ದೇನೆ" ಎನ್ನುವುದು ಬೇರೆ. ಅವನು ಗೋಡೆಯ ಹತ್ತಿರ ಹೋಗಿ, ಬೆರಳಿನ ಗೆಣ್ಣಿನಿಂದ ಇಟ್ಟಿಗೆಯನ್ನು ಕುಟ್ಟಿ, ಕಿವಿ ಇಟ್ಟು ಕೇಳಿದ. ಸಂದಿನಲ್ಲಿ ಉಗುರು ಹಾಕಿ ಕೆರೆದ. ಮಂಗಳೂರಿನ ಹಂಚಿನ ಫ್ಯಾಕ್ಟರಿಯ ಮೇಸ್ತ್ರಿಯ ಮಗನಿಗೆ ಇಟ್ಟಿಗೆ ತೋರಿಸಿ ಮೋಸ ಮಾಡುವುದೆಂದರೆ, ಮೀನು ಮಾರುವವಳಿಗೇ ಹಾಳಾದ ಬಂಗುಡೆ ಮಾರಿದ ಹಾಗೆ. ಇದು ಆ ಜಾಣರಿಗೆ ಹೊಳೆದಿರಲಿಲ್ಲ.

"ಸದಾ, ಸಾವಿರ ವರ್ಷದ ಹಿಂದೆ ಇಲ್ಲಿಗೆ ಸಿಮೆಂಟು ಯಾರು ತಂದದ್ದು ಮಾರಾಯ?"

"ಸಿಮೆಂಟಾ? ಆಮೇಲೆ ಯಾರೋ ರಿಪೇರಿ ಮಾಡಿರ್ತಾರೆ ಕಣೋ."

"ಇಟ್ಟಿಗೆಯನ್ನೂ ಮಷಿನಿನಲ್ಲಿ ಒತ್ತಿ ರಿಪೇರಿ ಮಾಡಿದ್ರಾ? ಒಳಗೆ ನೋಡು, ಗೋಡೆ ತುಂಬ ಹೊಗೆಯ ಮಸಿ. ಸುತ್ತ ರಬ್ಬರ್ ಮರ. ಇದು ತೋಟದವರು ರಬ್ಬರ್ ಶೀಟು ಒಣಗಿಸ್ತಿದ್ದ ಹೊಗೆಮನೆ. ನನ್ನ ಕಿವಿಗೆ ಹೂ ಇಡ್ಲಿಕ್ಕೆ ಮೂರು ದಿನ ನಡೆಸಿದ್ದಾ?"

"ನಾನು ಆಗ್ಲೇ ಬೇಡ ಅಂದೆ ಅಂಕಲ್," ಎಂದಳು ಚೈತನ್ಯಾ. ಅವಳನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದಾರೆ.

ಸದಾನಂದ ಬ್ಯಾಗು ಇಳಿಸಿ ಕುಸಿದು ಕೂತ. "ಡೊರೊಥಿ ನನ್ನ ಕೈ ಹಿಡ್ಕೊಂಡು ಅತ್ಲು ಕಣೋ. ಕಾಡಲ್ಲಿ ನಡೀಲಿ, ಆ ಕೊನೇ ಏರು ಮಾತ್ರ ಹತ್ತಿಸ್ಬೇಡಿ ಅಂದ್ಲು. ನಾನು ಆಣೆ ಮಾಡಿಬಿಟ್ಟೆ. ಇದನ್ನೇ ಅದು ಅಂತ ತೋರಿಸಿದ್ರೆ ನಿನಗೂ ಖುಷಿ, ಅವಳಿಗೂ ನೆಮ್ಮದಿ ಅಂತ..."

"ಡಾಕ್ಟರೇ ಹತ್ತು ಅಂದಿದ್ದಾರೆ. ನಾಲ್ಕು ತಿಂಗಳು ಪ್ರತೀ ಭಾನುವಾರ ಪೆನಾಂಗ್ ಹಿಲ್ ಹತ್ತಿ ಇಳಿದಿದ್ದೇನೆ. ಬೇಡ ಅಂತಿದ್ರೆ ನನ್ನ ಹತ್ರವೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕೇಳ್ತಿದ್ಯಾ?"

"ಇಲ್ಲ. ಜಗಳ ಆಡ್ತಿದ್ದೆ. ಜಗಳ ಆಡುವಷ್ಟು ಜೀವ ನನ್ನಲ್ಲಿ ಇನ್ನೂ ಉಂಟು!" ಪ್ಯಾಟ್ರಿಕ್‌ಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿತ್ತು. ಐವತ್ತೇಳು ವರ್ಷದ ಗಂಡಸನ್ನು ಚಂದಮಾಮ ತೋರಿಸಿ ಊಟ ಮಾಡಿಸುವ ಮಗುವಿನಂತೆ ಮಾಡಿದ್ದರು. ಅವನು ಗೈಡ್ ಅಜ್ಮಾನ್‌ನ ಕಡೆ ತಿರುಗಿ, ನಿಜವಾದದ್ದು ಎಲ್ಲಿ ಎಂದು ಕೇಳಿದ. ಅಷ್ಟು ಹೊತ್ತು ಕಾಡು ನೋಡುತ್ತ ನಿಂತಿದ್ದ ಅಜ್ಮಾನ್ ಮೇಲಕ್ಕೆ ಬೆರಳು ಮಾಡಿ, ತನ್ನ ಮಲಯ್ ಧಾಟಿಯ ಇಂಗ್ಲಿಷಿನಲ್ಲಿ ಹೇಳಿದ. "ಟೂ ಅವರ್ಸ್, ಅಂಕಲ್. ವೆರಿ ಸ್ಟೀಪ್ ಲಾ." ಸುಳ್ಳಿನಿಂದ ಬಿಡುಗಡೆಯಾದ ಖುಷಿ ಅವನ ಮುಖದಲ್ಲೇ ಕಾಣುತ್ತಿತ್ತು.

ಪ್ಯಾಟ್ರಿಕ್ ಹೊರಟೇಬಿಟ್ಟ. ಉಳಿದವರು ಹಿಂದೆ ಓಡಬೇಕಾಯಿತು. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ, ತನ್ನ ನಾಡಿ ತಾನೇ ಹಿಡಿದು ನೋಡುತ್ತಿದ್ದ, ಮತ್ತೆ ಹತ್ತುತ್ತಿದ್ದ. ಚೈತನ್ಯಾ ಕೈ ಕೊಡಲು ಬಂದಾಗ ಬೇಡವೆಂದ. ಸದಾನಂದ "ಸಾಕು ಕಣೋ, ನಿನ್ನ ಕಾಲಿಗೆ ಬೀಳ್ತೀನಿ" ಅಂದಾಗ, "ಬೀಳು, ಆದ್ರೆ ದಾರಿ ಬಿಟ್ಟು ಬೀಳು" ಅಂದ. ಎರಡು ಗಂಟೆಯ ದಾರಿಗೆ ಮೂರೂವರೆ ಗಂಟೆ ಹಿಡಿಯಿತು.

ಮೇಲೆ ಗೋಡೆಯೂ ಇರಲಿಲ್ಲ, ಗೋಪುರವೂ ಇರಲಿಲ್ಲ. ಮೊಣಕಾಲೆತ್ತರದ ಒಂದು ಅಡಿಪಾಯ, ಕಂಬ ನಿಲ್ಲಿಸಿದ ನಾಲ್ಕಾರು ಗುಳಿ, ಪಾಚಿ ಹಿಡಿದ ಇಟ್ಟಿಗೆ, ಅಷ್ಟೇ.

"ಇಷ್ಟೇನಾ ಅಂಕಲ್?" ಎಂದಳು ಚೈತನ್ಯಾ. "ಕೆಳಗಿರೋದೇ ಗ್ರ್ಯಾಂಡ್ ಆಗಿತ್ತಲ್ಲ!"

"ಗ್ರ್ಯಾಂಡ್ ಬೇಕಾದ್ರೆ ಮಾಲ್‌ಗೆ ಹೋಗು," ಎಂದ ಪ್ಯಾಟ್ರಿಕ್. ಮೊಣಕಾಲೂರಿ ಇಟ್ಟಿಗೆಗಳನ್ನು ಒಂದೊಂದಾಗಿ ನೋಡಿದ. ಯಾವ ಎರಡೂ ಒಂದೇ ಅಳತೆಯವಾಗಿರಲಿಲ್ಲ. ಒಂದು ಸರಿಯಾಗಿ ಬೆಂದಿತ್ತು, ಪಕ್ಕದ್ದು ಅರೆಬೆಂದಿತ್ತು, ಆದರೂ ಉಳಿದಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಜೋರಾಗಿ ನಕ್ಕುಬಿಟ್ಟ.

ಅಷ್ಟರಲ್ಲಿ ಸದಾನಂದನ ಫೋನು ಹೊಡೆದುಕೊಂಡಿತು. ಇಷ್ಟು ಮೇಲೆ ಸಿಗ್ನಲ್ ಇರುತ್ತದೆಂದು ಅವನು ಎಣಿಸಿರಲಿಲ್ಲ. ಹೆಸರು ನೋಡಿ ಅವನ ಮುಖ ಬಿಳುಚಿಕೊಂಡಿತು. "ಡೊರೊಥಿ ಕಣೋ! ಏನಂತ ಹೇಳ್ಲಿ?"

"ತುದಿಯಲ್ಲಿ ಇದ್ದಾನೆ ಅಂತ ಹೇಳು."

"ನಿಂಗೆ ಸಿಕ್ಕಾಪಟ್ಟೆ ಬೈತಾಳೆ!"

ಪ್ಯಾಟ್ರಿಕ್ ಫೋನಿಗೆ ಕೈ ಚಾಚಿದ.

"ಬೈಯಲಿ ಮಾರಾಯ. ಆಪರೇಷನ್ ಆಗಿ ಒಂದು ವರ್ಷ ಆಯ್ತು, ಅವಳು ನನಗೆ ಒಂದು ಸಲವೂ ಬೈದಿಲ್ಲ."